ಹೊಳೆ ದಾಟಿಸಿದ ಹೆಬ್ಬೆಟ್ಟು

ಮಿರಜ
2 ಎಪ್ರಿಲ್ 1996

ರೇವಣಸಿದ್ಧ,

ನನ್ನ ಕೈಯಿಂದ ಪತ್ರ ಬರೆಸುತ್ತಿರುವ ಪಾಪ ನಿನ್ನ ತಲೆಯ ಮೇಲೇ ಇರಲಿ. ಐದನೇ ಇಯತ್ತೆಯನ್ನು ಅರ್ಧಕ್ಕೆ ಬಿಟ್ಟು ಓಡಿ ಬಂದವನು ನಾನು. ಮೂವತ್ತೆಂಟು ವರ್ಷ ಛಾಪಖಾನೆಯಲ್ಲಿ ಅಚ್ಚಿನ ಮೊಳೆ ಜೋಡಿಸಿದೆ, ನಿಜ. ಆದರೆ ಜೋಡಿಸುವ ಕೈ ಬೇರೆ, ಬರೆಯುವ ಕೈ ಬೇರೆ. ಸೀಸದ ಅಕ್ಷರ ನಿಲ್ಲಿಸಿದಲ್ಲಿ ನಿಲ್ಲುತ್ತದೆ. ಪೆನ್ನಿನ ಅಕ್ಷರ ನಿನ್ನ ಕುರಿಗಳ ಹಾಗೆ, ಒಂದು ಎತ್ತ ಹೋಯಿತೋ ಎಲ್ಲ ಅತ್ತ. ಈ ಹಾಳೆಗಾಗಿ ಬೆಳಗಿನಿಂದ ಕೂತಿದ್ದೇನೆ. ಮಾಣಿಕಬಾಯಿ ಎರಡು ಸಲ ಬಂದು ಇಣುಕಿ, ಗಂಡನಿಗೆ ಏನೋ ಆಗಿದೆ ಎಂದುಕೊಂಡು ಒಳಗೆ ಹೋದಳು.

ಎಲ್ಲ ನಿನ್ನ ಬಾಯಿಯಿಂದ ಆದದ್ದು. ಹೋಳಿ ಹುಣ್ಣಿಮೆಗೆ ನಾನು ಎಸ್.ಟಿ.ಡಿ. ಬೂತಿನಲ್ಲಿ ನಿಂತು ನಿನಗೆ ಫೋನು ಮಾಡಿದೆ. ಆಟದ ಆನೆಗಳನ್ನು ಗುಡ್ಡದ ಹಿಂದೆ ಇಡುತ್ತೇನೆ ಎಂದವನು ನೀನು. ಎರಡು ದಿನ ಬಿಟ್ಟು, ಹಾಗೆ ಅಂದೇ ಇಲ್ಲ ಎಂದವನೂ ನೀನು. ನಮ್ಮ ಆಟದ ಪಂಚ ಧರೆಪ್ಪ ಹವಾಲ್ದಾರ ಅಲ್ಲೇ ತೀರ್ಪು ಕೊಟ್ಟ: "ಇನ್ನ ಮ್ಯಾಲ ಎಲ್ಲಾ ಬರದು ತಿಳಸ್ರಿ. ಕೆಳಗ ಸಹಿ ಬೇಕು. ಬಾಯಿಮಾತು ಫೌಜಿನ್ಯಾಗ ನಡಿಯೂದಿಲ್ಲ." ನಿನಗೇನು, ನೀನು ಹೇಳುತ್ತೀ, ಸೊಸೆ ಶೀತಲ ಬರೆಯುತ್ತಾಳೆ, ಕೆಳಗೆ ಹೆಬ್ಬೆಟ್ಟು ಒತ್ತಿ ಮೀಸೆ ತಿರುವುತ್ತೀ. ಒದ್ದಾಡುವವನು ನಾನು.

ದಂಡಿನಾಟದ ನಿಯಮಗಳನ್ನೂ ಮೊದಲಿನಿಂದ ಬರೆದು ಕಳಿಸು, ಇಲ್ಲದಿದ್ದರೆ ಗೊತ್ತೇ ಇರಲಿಲ್ಲ ಅನ್ನುತ್ತಾನೆ ಎಂದ ಧರೆಪ್ಪ. ಓದುವ ಶೀತಲಳಿಗೂ ತಿಳಿಯಲಿ. ಕೇಳು.

ಯುದ್ಧ ಅದೇ, ರಕ್ಕಸಗಿ-ತಂಗಡಗಿಯದು. ನಾನು ವಿಜಯನಗರ, ಕೃಷ್ಣೆಯ ದಕ್ಷಿಣ ದಂಡೆ. ನೀನು ಸುಲ್ತಾನರ ದಂಡು, ಉತ್ತರ ದಂಡೆ. ನಾನು ಅಚ್ಚು ಹಾಕಿದ ನಕಾಶೆಯಲ್ಲಿ ಮನೆಗಳಿಗೆ ನಂಬರು ಇದೆ. ಒಂದು ಪತ್ರಕ್ಕೆ ಒಂದು ನಡೆ. ಒಂದು ನಡೆಗೆ ದಂಡು ಮೂರು ಮನೆ ಹೋಗಬಹುದು. ಹೊಳೆ ದಾಟುವುದೂ ಒಂದು ಮನೆ. ಆನೆ, ಕುದುರೆ, ಕಾಲಾಳು ನಡೆದು ದಾಟುವುದಕ್ಕೆ ಎರಡೇ ಹಾಯಗಡ: ನಲವತ್ತನೇ ಮನೆಯಲ್ಲಿ ದೊಡ್ಡದು, ಅಲ್ಲಿಂದ ಐದು ಮನೆ ಕೆಳಗೆ ನಲವತ್ತೈದರಲ್ಲಿ ಸಣ್ಣದು. ಕಾದಾಟವಾದರೆ ಧರೆಪ್ಪ ಇಲ್ಲಿ ಕವಡಿ ಹಾಕಿ ಫಲ ಹೇಳುತ್ತಾನೆ. ಇನ್ನು ನನ್ನ ಷರತ್ತು. ಜೈನರ ಮನೆಯವನು ನಾನು. ನನ್ನ ಆಟದಲ್ಲಿ ಯಾರೂ ಸಾಯುವುದಿಲ್ಲ, ಸೋತವರು ಕೂರುತ್ತಾರೆ. ಅಡಿಗೆಯವರು, ಎತ್ತು, ಡೇರೆ, ಇವರ ಕೈಯಲ್ಲಿ ಹತಾರ ಇಲ್ಲ. ಇವರನ್ನು ಯಾರೂ ಮುಟ್ಟಬಾರದು, ಹರಿಗೋಲಿನಲ್ಲಿ ಎಲ್ಲಿ ಬೇಕಾದರೂ ದಾಟಲಿ. ಧರೆಪ್ಪನದು ಒಂದು ಷರತ್ತು: ತನ್ನ ಅಡಿಗೆಯ ಡೇರೆಯ ಕಡೆಗೆ ನಡೆಯುವ ದಂಡು ಮೂರರ ಬದಲು ಆರು ಮನೆ ಹೋಗುತ್ತದೆ. ಫೌಜಿನಲ್ಲಿ ಅವನು ಕಣ್ಣಾರೆ ಕಂಡಿದ್ದಾನಂತೆ. ಸೋತು ಹಿಂದಕ್ಕೆ ಓಡುವವರಿಗಾಗಿ ಮಾಡಿದ ಷರತ್ತು ಅದು. ಅಂದರೆ ನಿನಗಾಗಿ.

ಕೊನೆಯ ಕಾಳಗ ಎಂದಿನ ಹಾಗೆ ದೀಪಾವಳಿಯ ಪಾಡವಾ, ಅಂದರೆ ಬಲಿಪಾಡ್ಯಮಿಯ ದಿನ, ಛಾಪಖಾನೆಯ ಹಿಂದಿನ ಖೋಲಿಯಲ್ಲಿ, ಮರಳಿನ ಮೇಜಿನ ಮೇಲೆ, ಎದುರುಬದುರು ಕೂತು. ಸೂರ್ಯ ಮುಳುಗುವ ಮೊದಲು ಮುಗಿಯಬೇಕು, ನನ್ನ ಊಟದ ಹೊತ್ತು. ಭೋಸರಿಯ ಮಗನ ಮನೆ ಸೇರಿದೆನೆಂದು ಪಾಡವಾ ತಪ್ಪಿಸಿದೆಯೋ, ಹನ್ನೊಂದು ವರ್ಷದ ಆಟ ಅಲ್ಲಿಗೆ ಮುಗಿಯಿತು. ಎದುರಿಗೆ ಹೊಸಬನನ್ನು ಕೂರಿಸಿಕೊಂಡು ಪಳಗಿಸುವ ವಯಸ್ಸು ನನ್ನದಲ್ಲ.

ನನ್ನ ನಡೆ: ಎಲ್ಲ ಆನೆ, ಎಲ್ಲ ತೋಪು ನಲವತ್ತರಲ್ಲಿ. ಅಲ್ಲಿಂದ ಅಲುಗುವುದಿಲ್ಲ. ಹನ್ನೊಂದು ವರ್ಷದಲ್ಲಿ ಒಮ್ಮೆಯೂ ದಾಟದವನು ಈ ವರ್ಷ ದಾಟಿ ತೋರಿಸು.

ನೇಮಿನಾಥ


ಭೋಸರಿ
15 ಎಪ್ರಿಲ್ 1996

ನೇಮಣ್ಣನಿಗೆ ರೇವಣಸಿದ್ಧನ ನಮಸ್ಕಾರ. ಬರೆಯುವವಳು ಶೀತಲ.

ನಿನ್ನ ಪತ್ರ ಓದಲು ನನ್ನ ಸೊಸೆಗೆ ಅರ್ಧ ದಿನ ಹಿಡಿಯಿತು. ಕಾಗವಾಡದ ಕನ್ನಡ ಶಾಲೆಯಲ್ಲಿ ಹತ್ತನೇ ತನಕ ಕಲಿತ ಹುಡುಗಿ, "ಮಾವಾರ, ಇದು ಕನ್ನಡನ ಏನ್ರಿ?" ಎಂದು ಕೇಳಿದಳು. ನಾನು ಹೌದು ಎಂದೆ. ನಿನ್ನ ಮರ್ಯಾದೆ ಉಳಿಸಿದ್ದೇನೆ, ನೆನಪಿರಲಿ.

ಮನೆ ಎರಡನೇ ಮಾಳಿಗೆಯ ಮೇಲೆ, ಎರಡು ಖೋಲಿ. ಮಗ ಧೋಂಡಿಬಾ ಮೋಟಾರಿನ ಗಿಯರು ಮಾಡುವ ಕಂಪನಿಯಲ್ಲಿದ್ದಾನೆ. ಇಲ್ಲಿ ದಿನಕ್ಕೆ ಮೂರು ಸಲ ಪಾಳಿ ಬದಲಾಗುವ ಭೋಂಗಾ ಕೂಗುತ್ತದೆ, ಜನ ಕುರಿದಡ್ಡಿಯ ಬಾಗಿಲು ತೆರೆದ ಹಾಗೆ ಹೊರಬೀಳುತ್ತಾರೆ. ಹೋದ ವಾರ ಕುರಿ ಕೂಗಿದ್ದು ಕೇಳಿಸಿ ಹುಡುಕಿಕೊಂಡು ಹೋದೆ. ನಗರ ಜಿಲ್ಲೆಯ ಧನಗರನೊಬ್ಬ, ನಮ್ಮ ಹಾಗೇ ಕುರುಬ, ಖಾಲಿ ಜಾಗದಲ್ಲಿ ನಲವತ್ತು ಕುರಿ ಬಿಟ್ಟುಕೊಂಡು ಕೂತಿದ್ದ. ಮಧ್ಯಾಹ್ನದ ತನಕ ಅವನ ಜೊತೆ ಕೂತೆ. ಈ ವಾರ ಹೋದರೆ ಅಲ್ಲಿ ಕಟ್ಟಡಕ್ಕೆ ಬುನಾದಿ ತೋಡಿದ್ದಾರೆ. ಕುರಿಯೂ ಇಲ್ಲ, ಅವನೂ ಇಲ್ಲ.

ನನ್ನ ನಡೆ: ಆರು ಆನೆ ಮುಂದೆ, ನಲವತ್ತರ ನೀರಿಗೆ ಇಳಿಸಿದೆ. ಉಳಿದ ದಂಡು ದಂಡೆಯ ಮೇಲೆ. ಧರೆಪ್ಪ ಕವಡಿ ಹಾಕುವಾಗ ಅವನ ಎಡಗೈ ಮೇಜಿನ ಮೇಲೆ ಕಾಣುವಂತೆ ಇರಲಿ.

ಇದನ್ನು ಬರೆಸುವಾಗ ನನ್ನಾಕೆ ಕೃಷ್ಣವ್ವ ಅಕ್ಕಿ ಆರಿಸುತ್ತ ಕೂತಿದ್ದಳು. "ಹನ್ನೊಂದ ವರ್ಷ ಅದ ನೀರ, ಅದ ಆನಿ. ಕುರಿ ಆದ್ರೂ ಎರಡನೇ ಸಲಕ್ಕ ಕಲೀತಾವು" ಎಂದಳು. ಹೆಂಗಸರಿಗೆ ದಂಡಿನ ವಿಷಯ ಏನು ತಿಳಿಯಬೇಕು. ಪಾಡವಾಕ್ಕೆ ಎರಡು ದಿನ ಮೊದಲೇ ಬರುತ್ತೇನೆ. ಮಾಣಿಕಬಾಯಿ ವೈನಿಗೆ ಹೇಳು, ನನ್ನ ಪಾಲಿನ ಕರ್ಚಿಕಾಯಿ ಬೇರೆ ಡಬ್ಬಿಯಲ್ಲಿ ಇಡಲಿ.

(ಹೆಬ್ಬೆಟ್ಟು)


ಮಿರಜ
26 ಎಪ್ರಿಲ್ 1996

ರೇವಣಸಿದ್ಧ,

ನಿನ್ನ ಆರು ಆನೆಗಳಲ್ಲಿ ಐದು ಕೂತವು. ಧರೆಪ್ಪನ ಎರಡೂ ಕೈ ಮೇಜಿನ ಮೇಲೆ ಇದ್ದವು. ಕವಡಿ ಹಾಕಿದ್ದು ಮಾಣಿಕಬಾಯಿ. ಇನ್ನು ಅವಳ ಮೇಲೆ ಸಂಶಯ ಪಡುವ ಧೈರ್ಯವಿದ್ದರೆ ಬರೆ, ಓದಿ ಹೇಳುತ್ತೇನೆ.

ಶೀತಲಗೆ ಆಶೀರ್ವಾದ. ನನ್ನ ಅಕ್ಷರ ತಿಳಿಯದಿದ್ದರೆ ಕನ್ನಡಿ ಹಿಡಿದು ಓದವ್ವ. ಬದುಕೆಲ್ಲ ಉಲ್ಟಾ ಅಕ್ಷರ ನೋಡಿದವನು ನಾನು.

ಮಾಲಕ ಶ್ರೇಣಿಕ ಛಾಪಖಾನೆಗೆ ಕಂಪ್ಯೂಟರ್ ತಂದಿದ್ದಾನೆ. ಅದಕ್ಕೆ ಗಾಜಿನ ಖೋಲಿ, ತಂಪು ಗಾಳಿ. ಅದರಲ್ಲಿ ಅಕ್ಷರ ಕಾಣುತ್ತದೆ, ಮುಟ್ಟಲು ಬರುವುದಿಲ್ಲ. ಇರಲಿ, ನನಗೇನು. ಸವೆದ ಕನ್ನಡ ಮೊಳೆಗಳನ್ನು ಕರಗಿಸಿ ಈ ವಾರ ನಿನ್ನ ಪಾಲಿಗೆ ಆರು ಹೊಸ ಕುದುರೆ ಎರಕ ಹೊಯ್ದೆ. ಬಾಲ ಚೆನ್ನಾಗಿ ಬಂದಿವೆ. ಪಾಡವಾದ ದಿನ ಕೈಯಲ್ಲಿ ಹಿಡಿದು ನೋಡು.

ನನ್ನ ನಡೆ: ನಿಂತಲ್ಲೇ ಇದ್ದೇನೆ. ಉಳಿದ ಒಂದು ಆನೆಯನ್ನೂ ಕಳಿಸು.

ನೇಮಿನಾಥ


ಮಿರಜ
5 ಜೂನ್ 1996

ರೇವಣಸಿದ್ಧ,

ನಲವತ್ತು ದಿನವಾಯಿತು. ಅಂಚೆಯವನನ್ನು ದಿನಾ ತಡೆದು ಕೇಳುತ್ತೇನೆ. ಈಗ ಅವನು ನನ್ನನ್ನು ಕಂಡರೆ ಸೈಕಲ್ ಆ ಕಡೆಯ ಓಣಿಗೆ ತಿರುಗಿಸುತ್ತಾನೆ.

ಐದು ಆನೆ ಕೂತವೆಂದು ಮುನಿಸೋ? ಅರವತ್ತು ದಾಟಿದ ಗಂಡಸು ಸೀಸದ ಆನೆಗಾಗಿ ಮೂತಿ ಊದಿಸಿಕೊಂಡು ಕೂತಿದ್ದೀಯಾ? ನಿನ್ನ ಆನೆಗಳು ಕೂತದ್ದು ಕವಡಿಯಿಂದಲ್ಲ, ನಿನ್ನ ತಲೆಯಿಂದ. ಆ ತಲೆಗೆ ರುಮಾಲು ಸುತ್ತುವುದೇ ದಂಡ, ಮೂರು ಮೊಳ ಬಟ್ಟೆ ಹಾಳು. ಖಂಡೇರಾಜುರಿಯಿಂದ ಕಂಬಳಿ ಹೊತ್ತು ಮಿರಜ ಸಂತೆಗೆ ಬರುತ್ತಿದ್ದಾಗ ನಿನಗೆ ಇಷ್ಟು ಸೊಕ್ಕು ಇರಲಿಲ್ಲ. ಛಾಪಖಾನೆಯ ಕಟ್ಟೆಯ ಮೇಲೆ ಕೂತು ನನ್ನ ತಂಬಿಗೆಯ ನೀರು ಕುಡಿದು, ನನಗೇ ಕಂಬಳಿ ಮಾರಿದವನು ನೀನು. ಆ ಕಂಬಳಿ ಇವತ್ತಿಗೂ ಚುಚ್ಚುತ್ತದೆ. ಭೋಸರಿಯ ಕಂಪನಿಯ ಗಾಳಿ ಬಡಿದು ದೊಡ್ಡ ಮನುಷ್ಯನಾದೆಯಾ?

ಆಟ ಬೇಡವಾದರೆ ಬೇಡ ಎಂದು ಬರೆ. ಬೇಕಾದರೆ ನಡೆ ಕಳಿಸು. ಪಾಡವಾದೊಳಗೆ ದಂಡುಗಳು ಮೇಜಿಗೆ ಬರಬೇಕು, ಈ ವರ್ಷ ತಪ್ಪಕೂಡದು.

ನೇಮಿನಾಥ


ಭೋಸರಿ
16 ಜೂನ್ 1996

ನೇಮಣ್ಣನಿಗೆ ನಮಸ್ಕಾರ. ಬರೆಯುವವಳು ಶೀತಲ.

ಪತ್ರ ಬಂತು. ಎರಡು ಸಲ ಓದಿಸಿದ್ದಾಯಿತು. ರುಮಾಲಿನ ಮಾತು ಮೂರು ಸಲ. ಮನೆಯಲ್ಲಿ ಸ್ವಲ್ಪ ಗಡಿಬಿಡಿ ಇತ್ತು, ಅದಕ್ಕೇ ತಡ. ಮುನಿಸಿಲ್ಲ.

ನಡೆ: ದಂಡು ನಿಂತಲ್ಲೇ ನಿಲ್ಲಲಿ. ಅಡಿಗೆಯವರು, ಎತ್ತು, ಡೇರೆ ಮೂರು ಮನೆ ಕೆಳಕ್ಕೆ, ನಲವತ್ಮೂರಕ್ಕೆ.

ಪಾಡವಾದ ಮಾತು ಮುಂದೆ ನೋಡೋಣ. ಬೇಗ ಬರೆ. ಸಣ್ಣ ಪತ್ರ ಬರೆಯಬೇಡ. ಬೈಯುವುದಿದ್ದರೆ ಪೂರ್ತಿ ಬೈ.

(ಹೆಬ್ಬೆಟ್ಟು)


ಮಿರಜ
25 ಜೂನ್ 1996

ರೇವಣಸಿದ್ಧ,

ಪೂರ್ತಿ ಬೈ ಎಂದು ಕೇಳಿ ಬೈಸಿಕೊಳ್ಳುವವನನ್ನು ಇದೇ ಮೊದಲು ನೋಡುತ್ತಿದ್ದೇನೆ. ನಿನ್ನ ಆಸೆ ತೀರಲಿ.

ದಂಡನ್ನು ಉಪವಾಸ ನಿಲ್ಲಿಸಿ ಗಡಿಗೆ ಹೊತ್ತವರನ್ನು ತಿರುಗಾಡಲು ಕಳಿಸಿದ ಸರದಾರ ಈ ಭೂಮಿಯ ಮೇಲೆ ಹುಟ್ಟಿದ್ದು ನೀನೊಬ್ಬನೇ. ನಾನೇ ಒಮ್ಮೆ ಶಾಲೆಯ ಇತಿಹಾಸದ ಪುಸ್ತಕ ಕಂಪೋಜ್ ಮಾಡಿದ್ದೇನೆ, ಕಾಡು ಮನುಷ್ಯರಿಂದ ಹಿಡಿದು ಕಂಪನಿ ಸರಕಾರದ ತನಕ. ಇಂಥ ನಡೆ ಎಲ್ಲೂ ಇಲ್ಲ. ಸುಲ್ತಾನರು ಎಚ್ಚರಾಗಿ ಚಹಾ ಎಲ್ಲಿ ಎಂದು ಕೇಳಿದರೆ ಏನು ಹೇಳುತ್ತೀ? ಧರೆಪ್ಪನಿಗೆ ಓದಿ ಹೇಳಿದೆ. ಅವನು ನಗಲಿಲ್ಲ, ನಕಾಶೆ ನೋಡುತ್ತ ಕೂತ. ವಯಸ್ಸಾಯಿತು ಅವನಿಗೂ.

ಮುಂದೆ ನೋಡೋಣ ಎಂದರೆ ಏನು? ಎಪ್ರಿಲಿನಲ್ಲಿ ನೀನೇ ಎರಡು ದಿನ ಮೊದಲೇ ಬರುತ್ತೇನೆ ಎಂದಿದ್ದೆ. ಮುಂದಿನ ವರ್ಷ ಬರುತ್ತೇನೆ ಅನ್ನಬೇಡ. ಯಾಕೆ ಎಂದು ಕೇಳಬೇಡ. ಈ ವರ್ಷವೇ ಬಾ.

ನನ್ನ ನಡೆ: ನಲವತ್ತರಲ್ಲೇ ಇದ್ದೇನೆ.

ನೇಮಿನಾಥ


ಭೋಸರಿ
12 ಜುಲೈ 1996

ನೇಮಣ್ಣನಿಗೆ ನಮಸ್ಕಾರ. ಬರೆಯುವವಳು ಶೀತಲ.

ನಡೆ: ದಂಡು ನಿಂತಲ್ಲೇ. ಅಡಿಗೆಯವರು ನಲವತ್ತೈದಕ್ಕೆ ಹೋಗಿ ಹರಿಗೋಲಿನಲ್ಲಿ ನಿನ್ನ ದಂಡೆಗೆ ದಾಟಿದ್ದಾರೆ. ಡೇರೆ ಹೊಡೆದು ಒಲೆ ಹೂಡಿದ್ದಾರೆ.

ಇಷ್ಟು ಸಿಟ್ಟು ಯಾಕೆ, ಮನೆಯಲ್ಲಿ ಎಲ್ಲ ಸುಖವೇ? ಪಾಡವಾಕ್ಕೆ ಬರುವುದು ದೇವರ ಕೈಯಲ್ಲಿದೆ. ಪತ್ರ ಮಾತ್ರ ನಿಲ್ಲಿಸಬೇಡ. ಚಹಾದ ಮಾತು ಇಲ್ಲಿ ಬಹಳ ನಡೆಯಿತು.

(ಹೆಬ್ಬೆಟ್ಟು)


ಮಿರಜ
23 ಜುಲೈ 1996

ರೇವಣಸಿದ್ಧ,

ನಿನ್ನ ಗಡಿಗೆಗಳು ನನ್ನ ದಂಡೆಯ ಮೇಲೆ, ನಿನ್ನ ಸಿಪಾಯಿಗಳು ಆ ದಂಡೆಯ ಮೇಲೆ. ನನ್ನವರಿಗೆ ಒಗ್ಗರಣೆಯ ವಾಸನೆ ಬರುತ್ತಿದೆ, ಉಣ್ಣುವುದಕ್ಕೆ ಕರೆಯುತ್ತೀಯಾ? ಮುಟ್ಟಬಾರದು ಎಂಬ ಷರತ್ತು ನನ್ನದೇ, ಮುಟ್ಟುವುದಿಲ್ಲ. ನಾಲ್ಕು ಅಡಿಗೆಯವರಿಗಾಗಿ ದಂಡು ಎಬ್ಬಿಸುವ ಹುಚ್ಚ ನಾನಲ್ಲ. ನಲವತ್ತರಲ್ಲೇ ಇದ್ದೇನೆ.

ದೇವರ ಕೈಯನ್ನು ನಡುವೆ ತರಬೇಡ. ಕೊಯ್ನಾ ಎಕ್ಸ್‌ಪ್ರೆಸ್ ಹತ್ತುವುದು ನಿನ್ನ ಕಾಲು, ದೇವರದಲ್ಲ. ನಾನು ಯಾರನ್ನೂ ಬಾ ಎಂದು ಬೇಡಿದವನಲ್ಲ. ಬರವಣಿಗೆಯಲ್ಲಿ ಕೇಳುತ್ತಿದ್ದೇನೆ, ಬಾ. ಇಲ್ಲಿ ಎಲ್ಲ ಸುಖ.

ನೇಮಿನಾಥ


ಭೋಸರಿ
7 ಆಗಸ್ಟ್ 1996

ನೇಮಣ್ಣನಿಗೆ ನಮಸ್ಕಾರ. ಬರೆಯುವವಳು ಶೀತಲ.

ನಡೆ: ಇಡೀ ದಂಡು ತನ್ನ ಅಡಿಗೆಯ ಡೇರೆಯ ಕಡೆಗೆ ನಡೆಯಿತು. ಧರೆಪ್ಪಣ್ಣನ ಷರತ್ತಿನ ಪ್ರಕಾರ ಆರು ಮನೆ. ಐದು ಮನೆ ದಂಡೆಗುಂಟ ನಲವತ್ತೈದಕ್ಕೆ, ಆರನೆಯದು ಹೊಳೆ. ಈಗ ಎಲ್ಲರೂ ನಿನ್ನ ದಂಡೆಯ ಮೇಲಿದ್ದಾರೆ. ಯಾರೂ ಕೂರಲಿಲ್ಲ. ಊಟಕ್ಕೆ ಸಾಲು ಹಿಡಿದಿದ್ದಾರೆ.

ಇಲ್ಲಿ ಎಲ್ಲರಿಗೂ ಬಹಳ ಸಂತೋಷವಾಗಿದೆ. ದೊಡ್ಡ ಪತ್ರ ಬರೆ.

(ಹೆಬ್ಬೆಟ್ಟು)


ಮಿರಜ
19 ಆಗಸ್ಟ್ 1996

ರೇವಣಸಿದ್ಧ,

ಪತ್ರ ಓದಿ ನಕಾಶೆ ಹರಡಿದೆ. ಮೂರು ಸಲ ಎಣಿಸಿದೆ. ಆರೇ ಮನೆ. ಓಡಿಹೋಗುವವರ ಷರತ್ತನ್ನು ಮುಂದಕ್ಕೆ ನುಗ್ಗುವುದಕ್ಕೆ ತಿರುಗಿಸಿದ್ದೀ. ಧರೆಪ್ಪ ಮಾಲಗಾಂವದಿಂದ ಸೈಕಲ್ ತುಳಿದುಕೊಂಡು ಬಂದು ನೋಡಿ, ಖೋಲಿಯ ನೆಲದ ಮೇಲೆ ಕೂತು ನಕ್ಕ. ಜೂನಿನಲ್ಲೇ ಅವನಿಗೆ ಹೊಳೆದಿತ್ತಂತೆ, ಪಂಚ ಬಾಯಿ ಬಿಡಬಾರದು ಎಂದು ಸುಮ್ಮನಿದ್ದನಂತೆ.

ನಾನೂ ನಗುತ್ತಿದ್ದೆ. ಆದರೆ ಇದು ನಿನ್ನ ತಲೆಯಲ್ಲ. ಹನ್ನೊಂದು ವರ್ಷ ಒಂದೇ ನೀರಿಗೆ ಆನೆ ನುಗ್ಗಿಸಿದವನ ತಲೆಯಲ್ಲಿ ಇದು ಹುಟ್ಟುವುದಿಲ್ಲ. ಸಂಶಯ ಬಂತು. ಪ್ರೂಫು ನೋಡುವ ಭಿಂಗ, ಅಕ್ಷರ ದೊಡ್ಡದು ಮಾಡುವ ಗಾಜು, ತಂದು ನಿನ್ನ ಹೆಬ್ಬೆಟ್ಟುಗಳನ್ನು ಸಾಲಾಗಿ ಇಟ್ಟು ನೋಡಿದೆ.

ನಿನ್ನ ಎಡಗೈ ಹೆಬ್ಬೆಟ್ಟಿನ ಮೇಲೆ ಅಡ್ಡ ಗಾಯದ ಕಲೆ ಇದೆ. ಉಣ್ಣೆಯ ಕತ್ತರಿ ತಾಗಿದ್ದು. ರಕ್ತ ಸೋರುತ್ತ ಛಾಪಖಾನೆಗೆ ಬಂದಾಗ ಮಸಿ ಒರೆಸುವ ಅರಿವೆಯಿಂದ ಕಟ್ಟಿದವನು ನಾನೇ. ಎಪ್ರಿಲಿನ ಪತ್ರದಲ್ಲಿ ಆ ಕಲೆ ಬಿಳಿ ಗೆರೆಯಾಗಿ ಮೂಡಿದೆ. ಜೂನಿನಿಂದ ಈಚೆಗೆ ಬಂದ ಮೂರು ಪತ್ರಗಳಲ್ಲಿ ಇಲ್ಲ. ಆ ಹೆಬ್ಬೆಟ್ಟು ಸಣ್ಣದು, ಮೇಲೆ ಸುಟ್ಟ ಚುಕ್ಕೆ ಇದೆ. ಮೂವತ್ತೆಂಟು ವರ್ಷ ಮಸಿ ನೋಡಿದವನಿಗೆ ಖೊಟ್ಟಿ ಸಹಿ ಕಳಿಸುತ್ತೀಯಾ?

ನನಗೆ ಎಲ್ಲ ತಿಳಿಯಿತು. ನಿನಗೆ ಆಟ ಸಾಕಾಗಿದೆ. ಬಾಯಿಬಿಟ್ಟು ಹೇಳಲು ಆಗದೆ ಮನೆಯವರ ಕೈಗೋ, ಕಂಪನಿಯ ಯಾವನೋ ಜಾಣನ ಕೈಗೋ ಕೊಟ್ಟು ತಮಾಷೆ ನೋಡುತ್ತಿದ್ದೀ. ನಾನು ಇಲ್ಲಿ ಬೆರಳು ಮುರಿದುಕೊಂಡು ಬರೆದದ್ದನ್ನು ಅಲ್ಲಿ ಊರ ಮಂದಿ ಕೂತು ಓದಿ ನಕ್ಕಿದ್ದೀರಿ. ಎಲ್ಲರಿಗೂ ಬಹಳ ಸಂತೋಷ ಎಂದು ನೀವೇ ಬರೆದಿದ್ದೀರಿ.

ಪಾಡವಾ ರದ್ದು. ಮೇಜಿಗೆ ಮರಳು ಹಾಕುವುದಿಲ್ಲ. ಮತ್ತೆ ಬರೆಯಬೇಡ.

ನೇಮಿನಾಥ


ಭೋಸರಿ
2 ಸೆಪ್ಟೆಂಬರ್ 1996

ನೇಮಣ್ಣನವರಿಗೆ ಕೃಷ್ಣವ್ವನ ನಮಸ್ಕಾರಗಳು. ಬರೆಯುವವಳು ಶೀತಲ, ಅತ್ತೆ ಹೇಳಿದ್ದನ್ನು ಬಿಡದೆ ಬರೆಯುತ್ತಿದ್ದೇನೆ.

ಬರೆಯಬೇಡ ಎಂದಿದ್ದೀರಿ. ಆದರೂ ಬರೆಸುತ್ತಿದ್ದೇನೆ. ಆ ಮೂರು ಹೆಬ್ಬೆಟ್ಟುಗಳು ನನ್ನವು. ಸುಟ್ಟ ಚುಕ್ಕೆ ರೊಟ್ಟಿಯ ಹಂಚಿನದು.

ಮೇ ಒಂಬತ್ತರ ಬೆಳಿಗ್ಗೆ ನಳದ ಕೆಳಗೆ ಮುಖ ತೊಳೆಯುತ್ತಿದ್ದಾಗ ಇವರಿಗೆ ಲಕ್ವಾ ಹೊಡೆಯಿತು. ಎಡ ಭಾಗ ಪೂರ್ತಿ. ಹದಿನೆಂಟು ದಿನ ದವಾಖಾನೆಯಲ್ಲಿದ್ದರು. ಈಗ ದಿಂಬಿಗೆ ಒರಗಿಸಿದರೆ ಕೂರುತ್ತಾರೆ. ಮಾತು ತೊದಲು, ನನಗೇ ಅರ್ಧ ತಿಳಿಯುತ್ತದೆ. ಎಡಗೈ ಮುಷ್ಟಿ ಬಿಚ್ಚುವುದಿಲ್ಲ, ಹೆಬ್ಬೆಟ್ಟು ಒಳಗೇ ಮುಚ್ಚಿಕೊಂಡಿದೆ. ಸಹಿಗೆ ಎಲ್ಲಿಂದ ತರಲಿ?

ಮಿರಜಿಗೆ ತಿಳಿಸುತ್ತೇನೆ ಎಂದು ಧೋಂಡಿಬಾ ಹೊರಟ. ಇವರು ಬಲಗೈಯಿಂದ ಅವನ ಅಂಗಿ ಹಿಡಿದರು, ಬಿಡಲಿಲ್ಲ. ದವಾಖಾನೆಯಿಂದ ಬಂದ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದರೆ ಊಟಕ್ಕೂ ತಿರುಗುತ್ತಿರಲಿಲ್ಲ. ಆಗ ನಿಮ್ಮ ಜೂನಿನ ಪತ್ರ ಬಂತು. ಓದಬಾರದು ಎಂದುಕೊಂಡೆ, ಆದರೆ ಲಕೋಟೆ ನೋಡಿ ಕೈ ಚಾಚಿದರು. ಶೀತಲ ಹೆದರುತ್ತ ಓದಿದಳು. ಆ ತಲೆಗೆ ರುಮಾಲು ಸುತ್ತುವುದೇ ದಂಡ ಎಂಬಲ್ಲಿಗೆ ಬಂದಾಗ ಇವರು ನಕ್ಕರು. ಒಂದೇ ಕಡೆಯ ಬಾಯಿಂದ, ಆದರೂ ನಕ್ಕರು. ತಿಂಗಳಾಗಿತ್ತು ನೇಮಣ್ಣ. ಅವತ್ತು ಎರಡು ರೊಟ್ಟಿ ತಿಂದರು. ಇಲ್ಲಿ ಬಂದವರೆಲ್ಲ ಅಯ್ಯೋ ಪಾಪ ಎನ್ನುತ್ತಾರೆ. ಬೈಯುವವರು ನೀವೊಬ್ಬರೇ.

ಹಾಗಾಗಿ ಆಟ ನಿಲ್ಲಬಾರದು ಎಂದುಕೊಂಡೆ. ರೊಟ್ಟಿಯ ಹಿಟ್ಟು ನಾದುವ ಪರಾತದಲ್ಲಿ ನಿಮ್ಮ ನಕಾಶೆ ಹಾಸಿದೆ. ತೊಗರಿಬೇಳೆ ಕಾಲಾಳು, ಕಡಲೆ ಕುದುರೆ, ಉಳಿದೊಂದು ಆನೆಗೆ ಹುಣಸೆಬೀಜ. ಅದನ್ನು ಇವರ ಹಾಸಿಗೆಯ ಪಕ್ಕ ಇಟ್ಟುಕೊಂಡು, ಇಲ್ಲಿಗೆ ಇಡಲೇ, ಅಲ್ಲಿಗೆ ಇಡಲೇ ಎಂದು ಕೇಳುತ್ತಿದ್ದೆ. ಇವರು ಹಳೆಯ ಹಟದಲ್ಲೇ ನಲವತ್ತನ್ನು ತೋರಿಸಿದರು. ನಾನು ಕೇಳಲಿಲ್ಲ. ಮದುವೆಯಾದ ಹೊಸತರಲ್ಲಿ ಮ್ಹೈಸಾಳದ ಹತ್ತಿರ ಮುನ್ನೂರು ಕುರಿ ಹೊಳೆ ದಾಟಿಸಿದವಳು ನಾನು. ಕುರಿಯನ್ನು ಹೊಡೆದು ನೀರಿಗೆ ಇಳಿಸಲಾಗುವುದಿಲ್ಲ. ಮರಿಗಳನ್ನು ಬಗಲಲ್ಲಿ ಎತ್ತಿಕೊಂಡು ಮೊದಲು ಆ ದಂಡೆಗೆ ಕಟ್ಟಿ ಬರಬೇಕು. ಅವು ಅಲ್ಲಿ ಕೂಗುತ್ತವೆ. ಆಮೇಲೆ ತಾಯಂದಿರನ್ನು ತಡೆಯುವುದೇ ಕಷ್ಟ. ದಂಡಿನವರಿಗೆ ಮರಿ ಎಲ್ಲಿಂದ ಬರಬೇಕು, ಅದಕ್ಕೆ ಅಡಿಗೆ ಇಟ್ಟೆ. ಹೊಳೆ ದಾಟಿದ ದಿನ ಇವರು ಪರಾತಕ್ಕೆ ಬಲಗೈ ಬಡಿದ ರಭಸಕ್ಕೆ ಬೇಳೆಯೆಲ್ಲ ಹಾಸಿಗೆಯ ಮೇಲೆ. ಸಿಟ್ಟು ಎಂದುಕೊಂಡೆ. ಸಿಟ್ಟಲ್ಲ. ಎಲ್ಲರಿಗೂ ಸಂತೋಷ ಎಂದು ಬರೆಸಿದ್ದು ಅದನ್ನೇ.

ನಿಮ್ಮ ಕೊನೆಯ ಪತ್ರವನ್ನು ಇವರಿಗೆ ಓದಲಿಲ್ಲ. ಅದರ ಬದಲು ಶೀತಲ ತಾನೇ ಒಂದು ಬೈಗುಳದ ಪತ್ರ ಕಟ್ಟಿ ಓದಿದಳು. ಇವರು ಎರಡು ಸಾಲು ಕೇಳಿ ಗೋಡೆಯ ಕಡೆ ತಿರುಗಿದರು. ಇವಳಿಗೆ ಬೈಯಲು ಬರುವುದಿಲ್ಲ.

ಪಾಡವಾಕ್ಕೆ ಇವರು ಬರಲಾರರು. ಮೊದಲೇ ಹೇಳಬೇಕಿತ್ತು, ಹೇಳಿದರೆ ನೀವೂ ಅಯ್ಯೋ ಅನ್ನುತ್ತೀರಿ ಎಂದು ಹೆದರಿದೆ. ತಪ್ಪು ನನ್ನದು. ಸಿಟ್ಟು ಇಳಿದರೆ ಬರೆಯಿರಿ. ಇಳಿಯದಿದ್ದರೆ ಸಿಟ್ಟಿನಲ್ಲೇ ಬರೆಯಿರಿ, ಅದು ಇನ್ನೂ ಒಳ್ಳೆಯದು.

ಕೃಷ್ಣವ್ವನ ಹೆಬ್ಬೆಟ್ಟು


ಮಿರಜ
28 ಸೆಪ್ಟೆಂಬರ್ 1996

ಕೃಷ್ಣವ್ವ ವೈನಿಯವರಿಗೆ ನೇಮಿನಾಥನ ನಮಸ್ಕಾರಗಳು.

ನಿಮ್ಮ ಪತ್ರ ಏಳನೇ ತಾರೀಖಿಗೇ ಬಂತು. ನಾಲ್ಕು ಉತ್ತರ ಬರೆದು ಹರಿದೆ. ಅಷ್ಟರಲ್ಲಿ ದಶಲಕ್ಷಣ ಪರ್ವ ಬಂತು. ಆ ಹತ್ತು ದಿನ ದಂಡು, ಆನೆ, ಸಿಟ್ಟು ಯಾವುದನ್ನೂ ಮುಟ್ಟುವುದಿಲ್ಲ ಎಂದು ಬಸದಿಯಲ್ಲಿ ನಿಯಮ ಹಿಡಿಯುವವನು ನಾನು. ಪರ್ವ ಮುಗಿಯಿತು. ನಮ್ಮಲ್ಲಿ ಒಬ್ಬರಿಗೊಬ್ಬರು ಕ್ಷಮೆ ಕೇಳುವ ದಿನ ಇವತ್ತು. ಊರಿನ ಎಲ್ಲ ಜೈನರ ಕ್ಷಮಾಪಣೆಯ ಕಾರ್ಡುಗಳನ್ನು ಮೂವತ್ತೆಂಟು ವರ್ಷದಿಂದ ಕಂಪೋಜ್ ಮಾಡಿದ್ದೇನೆ. ಕಣ್ಣು ಮುಚ್ಚಿ ಜೋಡಿಸುತ್ತೇನೆ. ಇವತ್ತು ಪೆನ್ನು ಹಿಡಿದು ಕೂತರೆ ಒಂದು ಸಾಲೂ ನೆನಪಿಗೆ ಬರುತ್ತಿಲ್ಲ. ಮಾಣಿಕಬಾಯಿ ಹಿಂದೆ ನಿಂತು, "ಕಾರ್ಡಿನ ಮಾತು ಬ್ಯಾಡ. ತಪ್ಪಾತು ಅಂತ ಬರೀರಿ, ಸಾಕು" ಎಂದಳು.

ತಪ್ಪಾಯಿತು. ಮಾಫ್ ಮಾಡಿ.

ನಾನೂ ಒಂದು ಮಾತು ಮುಚ್ಚಿಟ್ಟಿದ್ದೆ. ದಸರೆಯ ಖಂಡೇಪೂಜೆ ಮುಗಿದ ಮೇಲೆ ನಮ್ಮ ಅಚ್ಚಿನ ಯಂತ್ರ, ಟ್ರೆಡಲ್, ನಿಲ್ಲುತ್ತದೆ. ಛಾಪಖಾನೆಯ ಜಾಗದಲ್ಲಿ ಜೆರಾಕ್ಸು, ಫೋನಿನ ಬೂತು, ಕಂಪ್ಯೂಟರ್. ಶ್ರೇಣಿಕನಿಗೆ ಪಾಡವಾದ ತನಕ ಹಿಂದಿನ ಖೋಲಿ ನನಗೆ ಬಿಡು ಎಂದು ಕೇಳಿದೆ. ಬಿಟ್ಟಿದ್ದಾನೆ, ಒಳ್ಳೆಯ ಹುಡುಗ. ಆಮೇಲೆ ಅದೂ ಇಲ್ಲ. ಈ ವರ್ಷವೇ ಬಾ ಎಂದು ಬೆನ್ನು ಹತ್ತಿದ್ದು ಅದಕ್ಕೆ. ಕಾರಣ ಹೇಳಿದರೆ ರೇವಣಸಿದ್ಧ ಆಟಕ್ಕೆ ಬರುವುದಿಲ್ಲ, ನನ್ನನ್ನು ಸಮಾಧಾನ ಮಾಡಲು ಬರುತ್ತಾನೆ ಎಂದು ಹೇಳಲಿಲ್ಲ. ಅವನೂ ನಾನೂ ಒಂದೇ ಜಾತಿಯ ಕತ್ತೆಗಳು.

ಧರೆಪ್ಪನ ತೀರ್ಪು: ನಿಮ್ಮ ಹೆಬ್ಬೆಟ್ಟು ಖೊಟ್ಟಿ ಅಲ್ಲ. "ಸರದಾರ ಬಿದ್ದರ ಮುಂದಿನಾಂವ ಹುದ್ದಾ ತಗೋತಾನ. ಹೊಳಿ ದಾಟಿದ್ದು ದಾಟಿಧಂಗ" ಎಂದ. ನಾನು ಒಪ್ಪಿದ್ದೇನೆ. ಇಷ್ಟು ವರ್ಷ ಪಾಡವಾಕ್ಕೆ ಬುತ್ತಿ ತಂದು ಬಾಗಿಲ ಬಳಿ ಕೂರುತ್ತಿದ್ದವರು ನೀವು. ಒಮ್ಮೆಯೂ ಒಳಗೆ ಕರೆಯಲಿಲ್ಲ. ಅದಕ್ಕೂ ಇವತ್ತೇ ಕ್ಷಮೆ ಕೇಳುತ್ತೇನೆ, ಮತ್ತೆ ಮತ್ತೆ ಬರೆಯಲಾಗುವುದಿಲ್ಲ.

ಇಲ್ಲಿಂದ ಮುಂದಿನದನ್ನು ಅವನಿಗೆ ಗಟ್ಟಿಯಾಗಿ ಓದು, ಶೀತಲ. ಏನೂ ಬಿಡಬೇಡ.

ಲೇ ರೇವಣ್ಯಾ. ಹನ್ನೊಂದು ವರ್ಷ ನಿನ್ನ ಕೈಯಲ್ಲಿ ಆಗದ್ದನ್ನು ನಿನ್ನ ಹೆಂಡತಿ ಎರಡು ತಿಂಗಳಲ್ಲಿ ಮಾಡಿದಳು, ತೊಗರಿಬೇಳೆಯಿಂದ. ಆಕೆ ಮನೆಯಲ್ಲೇ ಇದ್ದರೂ ಒಮ್ಮೆಯೂ ಕೇಳದ ನಿನ್ನ ತಲೆಗೆ ಏನೆನ್ನಲಿ. ಲಕ್ವಾ ಹೊಡೆದದ್ದು ಈ ಮೇ ತಿಂಗಳಲ್ಲಿ ಎಂದು ದವಾಖಾನೆಯವರು ಹೇಳಿರಬಹುದು. ನೀನು ಆನೆ ನಡೆಸುವುದನ್ನು ನೋಡಿದವರಿಗೆ ಗೊತ್ತು, ಅದು ಹಳೆಯದು. ಬಲಗೈ ಚೆನ್ನಾಗಿದೆಯಂತೆ, ಪರಾತ ಬಡಿಯುವಷ್ಟು. ಹಾಗಿದ್ದರೆ ಕುದುರೆ ಎತ್ತಿ ಇಡಲು ಸಾಕು. ಎಡಗಡೆಯ ದಂಡು ವೈನಿ ನೋಡಿಕೊಳ್ಳಲಿ, ಬಲಗಡೆಯದು ನೀನು. ಬಾಯಿ ತೊದಲಿದರೆ ಒಳ್ಳೆಯದೇ ಆಯಿತು, ಅಂದದ್ದನ್ನು ಅನ್ನಲಿಲ್ಲ ಎಂದು ಸಾಧಿಸಲು ಇನ್ನು ಕಷ್ಟ. ಗೋಡೆ ನೋಡಿಕೊಂಡು ಮಲಗಬೇಡ. ನಾನು ಬಂದಾಗ ಬೆನ್ನು ತೋರಿಸಿದೆಯೋ, ಆ ಚುಚ್ಚುವ ಕಂಬಳಿ ತರುತ್ತಿದ್ದೇನೆ, ಹೊದಿಸಿಬಿಡುತ್ತೇನೆ.

ನೀನು ಬರಲಾರೆ. ಮೇಜು ಬರುತ್ತದೆ. ಬಡಿಗೇರ ಗುರುಸಿದ್ಧಪ್ಪನಿಂದ ನಡುವೆ ಗರಗಸ ಹಾಕಿಸಿ ಎರಡು ತುಂಡು ಮಾಡಿಸುತ್ತಿದ್ದೇನೆ. ದಂಡು ಮೊಳೆ ಇಡುವ ಮರದ ಕೇಸುಗಳಲ್ಲಿ ಬರುತ್ತದೆ, ಒಂದೊಂದು ಮನೆಯಲ್ಲಿ ಒಬ್ಬೊಬ್ಬ ಸಿಪಾಯಿ. ನಾನು, ಧರೆಪ್ಪ, ಮಾಣಿಕಬಾಯಿ ಪಾಡವಾದ ಹಿಂದಿನ ದಿನ ಟೆಂಪೋದಲ್ಲಿ ಹೊರಡುತ್ತೇವೆ. ಮರಳು ಇಲ್ಲಿಂದ ತರುವುದಿಲ್ಲ. ಭೋಸರಿಯಲ್ಲಿ ಎಲ್ಲಿ ನೋಡಿದರೂ ಕಟ್ಟಡವಂತೆ, ಧೋಂಡಿಬಾ ಕೇಳಿ ನಾಲ್ಕು ಚೀಲ ತಂದು ಜರಡಿ ಹಿಡಿದು ಇಡಲಿ.

ಗುರುಸಿದ್ಧಪ್ಪನಿಗೆ ಎರಡು ಅಳತೆ ಬೇಕು. ಒಂದು, ನಿಮ್ಮ ಮನೆಯ ಬಾಗಿಲಿನ ಅಗಲ. ಎರಡು, ರೇವಣಸಿದ್ಧ ಮಲಗುವ ಮಂಚ ನೆಲದಿಂದ ಎಷ್ಟು ಎತ್ತರ. ಅವನು ದಿಂಬಿಗೆ ಒರಗಿದರೆ ಹೊಳೆ ಪೂರ್ತಿ ಕಾಣುವಂತೆ ಮೇಜಿನ ಕಾಲು ಕೊಯ್ಯಬೇಕು. ಸುಮಾರಾಗಿ ಬರೆಯಬೇಡಿ, ಟೇಪು ಹಿಡಿದು ಇಂಚಿನಲ್ಲಿ ಬರೆಯಿರಿ. ಅಕ್ಟೋಬರ್ ಹನ್ನೆರಡರೊಳಗೆ ಉತ್ತರ ನನ್ನ ಕೈಯಲ್ಲಿರಬೇಕು.

ನೇಮಿನಾಥ